ಡಯಾಲಿಸಿಸ್ ಪೊರೆ: ವೈರಸ್ ಸೋಂಕುಳ್ಳ ಮೂತ್ರಪಿಂಡ ರೋಗಿಗಳಲ್ಲಿ ಆಯ್ಕೆ

ಕೆಲಸ ನಿಲ್ಲಿಸಿದ ಮೂತ್ರಪಿಂಡಗಳ ಬದಲಿಗೆ ರಕ್ತವನ್ನು ಸೋಸಿಕೊಡುವ, ಅತಿಸೂಕ್ಷ್ಮ ರಂಧ್ರಗಳಿರುವ ತೆಳುವಾದ ಪದರವೇ ಡಯಾಲಿಸಿಸ್ ಪೊರೆ. ಇಂದು ಅದು ಡಯಲೈಸರ್ ಎಂಬ ಪಾರದರ್ಶಕ ಕೊಳವೆಯೊಳಗೆ ಸಾವಿರಾರು ಟೊಳ್ಳು ಎಳೆಗಳ ರೂಪದಲ್ಲಿರುತ್ತದೆ. ಡಯಾಲಿಸಿಸ್ ರೋಗಿಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ಸೋಂಕೂ ಇದ್ದರೆ ಮನೆಯವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ರಕ್ತವನ್ನೇ ಸೋಸುವಾಗ ವೈರಸ್ಸೂ ಹೊರಗೆ ಹೋಗುವುದಿಲ್ಲವೆ? ಅದೇ ಯಂತ್ರದಲ್ಲಿ ಮುಂದೆ ಕೂರುವವರಿಗೆ ಸೋಂಕು ತಗಲುವುದಿಲ್ಲವೆ? ಎರಡಕ್ಕೂ ಉತ್ತರ ಪೊರೆಯ ರಂಧ್ರದ ಅಳತೆಯಲ್ಲಿದೆ. ವೈರಸ್ಸನ್ನು ತೆಗೆಯುವ ಕೆಲಸ ಔಷಧದ್ದು, ಹರಡದಂತೆ ತಡೆಯುವ ಕೆಲಸ ಘಟಕದ ಶಿಸ್ತಿನದು. ಪೊರೆಯನ್ನು ಆರಿಸಬೇಕಾದದ್ದು ರೋಗಿಯ ದೇಹಸ್ಥಿತಿಯನ್ನು ನೋಡಿ. ಈ ಮೂರನ್ನು ಬೇರೆಬೇರೆಯಾಗಿ ಕಾಣುವುದು ಈ ವಿಷಯದ ತಳಹದಿ.

ಪೊರೆಯ ರಚನೆ ಮತ್ತು ಕೆಲಸ

ಒಂದು ಡಯಲೈಸರಿನಲ್ಲಿ ಸುಮಾರು 10,000 ಎಳೆಗಳಿರುತ್ತವೆ. ಪ್ರತಿ ಎಳೆಯ ಒಳವ್ಯಾಸ ಸುಮಾರು 200 ಮೈಕ್ರೋಮೀಟರ್. ಎಲ್ಲ ಎಳೆಗಳ ಮೈಯನ್ನು ಬಿಡಿಸಿ ಹಾಸಿದರೆ 1ರಿಂದ 2.5 ಚದರ ಮೀಟರಿನಷ್ಟು ಹರವು ಸಿಗುತ್ತದೆ. ರೋಗಿಯ ರಕ್ತ ಎಳೆಗಳ ಒಳಗೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರಿನಂತೆ ಹರಿಯುತ್ತದೆ. ಹೊರಗೆ ಅದಕ್ಕೆ ಎದುರು ದಿಕ್ಕಿನಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ಡಯಾಲಿಸಿಸ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್ ದ್ರವ ಬೇಕು.

ಪೊರೆಯ ಮೂಲಕ ವಸ್ತುಗಳು ಎರಡು ರೀತಿಯಲ್ಲಿ ಸಾಗುತ್ತವೆ. ರಕ್ತದಲ್ಲಿ ಹೆಚ್ಚಾಗಿರುವ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂಗಳು ಅವು ಕಡಿಮೆ ಇರುವ ದ್ರವದ ಕಡೆಗೆ ತಾವಾಗಿಯೇ ಹಬ್ಬುತ್ತವೆ. ಇದು ವಿಸರಣ. ಒತ್ತಡದಿಂದ ನೀರನ್ನು ಪೊರೆಯಾಚೆ ಎಳೆದಾಗ ಅದರ ಜೊತೆಗೆ ಕರಗಿದ ವಸ್ತುಗಳೂ ಕೊಚ್ಚಿಕೊಂಡು ಹೋಗುತ್ತವೆ. ಇದು ಸಂವಹನ. ಇವೆರಡರ ಜೊತೆ ಇನ್ನೊಂದು ಸಂಗತಿಯೂ ನಡೆಯುತ್ತದೆ. ಕೆಲವು ಪೊರೆಗಳ ಮೈಗೆ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಈ ಅಂಟುವ ಗುಣವನ್ನು ಅಧಿಶೋಷಣ ಎನ್ನುತ್ತಾರೆ. ವೈರಸ್ಸುಗಳ ವಿಚಾರದಲ್ಲಿ ಇದು ಮತ್ತೆ ಮತ್ತೆ ಚರ್ಚೆಗೆ ಬಂದಿದೆ.

ಯೂರಿಯಾದ ಅಣುತೂಕ 60 ಡಾಲ್ಟನ್, ಕ್ರಿಯಾಟಿನಿನ್‌ನದು 113. ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿರುವವರ ಕೀಲುಗಳಲ್ಲಿ ಶೇಖರವಾಗಿ ನೋವು ತರುವ ಬೀಟಾ-2 ಮೈಕ್ರೋಗ್ಲೋಬ್ಯುಲಿನ್‌ನದು ಸುಮಾರು 11,800. ದೇಹ ಉಳಿಸಿಕೊಳ್ಳಲೇಬೇಕಾದ ಆಲ್ಬುಮಿನ್ ಪ್ರೋಟೀನಿನದು ಸುಮಾರು 66,000. ಕೊಳೆಯನ್ನು ಬಿಟ್ಟು ಆಲ್ಬುಮಿನ್ ಅನ್ನು ತಡೆಯುವ ಜರಡಿಯನ್ನು ನೇಯುವುದೇ ಪೊರೆ ತಯಾರಿಕೆಯ ಮುಖ್ಯ ಸವಾಲು.

ಬೆಳೆದು ಬಂದ ಬಗೆ

ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ಡಯಾಲಿಸಿಸ್ ಎಂಬ ಪದವನ್ನು ಬಳಕೆಗೆ ತಂದ. ಸಸ್ಯಮೂಲದ ಚರ್ಮಕಾಗದದ ಮೂಲಕ ಸಣ್ಣ ಕಣಗಳು ಹಾಯುತ್ತವೆ, ಅಂಟಿನಂಥ ದೊಡ್ಡ ಕಣಗಳು ಹಿಂದೆ ಉಳಿಯುತ್ತವೆ ಎಂದು ತೋರಿಸಿದವನು ಅವನೇ. ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು 1913ರಲ್ಲಿ ಕೊಲೋಡಿಯನ್ ಕೊಳವೆಗಳಿಂದ ಪ್ರಾಣಿಗಳ ರಕ್ತವನ್ನು ಸೋಸಿದರು. ರಕ್ತ ಹೆಪ್ಪುಗಟ್ಟದಿರಲು ಅವರು ಬಳಸಿದ್ದು ಜಿಗಣೆಯಿಂದ ತೆಗೆದ ಹಿರುಡಿನ್. ಜರ್ಮನಿಯ ಗೀಸೆನ್‌ನಲ್ಲಿ ಗೇಯಾರ್ಗ್ ಹಾಸ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಡಯಾಲಿಸಿಸ್ ಮಾಡಿದ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್ಲೆಂಡ್ಸಿನ ಕಾಂಪೆನ್ ಪಟ್ಟಣದ ವೈದ್ಯ ವಿಲೆಮ್ ಕಾಲ್ಫ್ ಸಾಸೇಜ್ ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ತಿರುಗುವ ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡ ರೂಪಿಸಿದ. 1945ರಲ್ಲಿ ಅವನ ಯಂತ್ರದಿಂದ 67 ವರ್ಷದ ಮಹಿಳೆಯೊಬ್ಬರು ಬದುಕಿಕೊಂಡರು.

1960ರಲ್ಲಿ ಸಿಯಾಟಲಿನ ಬೆಲ್ಡಿಂಗ್ ಸ್ಕ್ರಿಬ್ನರ್ ರಕ್ತನಾಳಗಳನ್ನು ಮತ್ತೆ ಮತ್ತೆ ಯಂತ್ರಕ್ಕೆ ಜೋಡಿಸಲು ನೆರವಾಗುವ ಟೆಫ್ಲಾನ್ ಕೊಳವೆಯ ಷಂಟ್ ರೂಪಿಸಿದ. 1966ರಲ್ಲಿ ಸಿಮಿನೊ ಮತ್ತು ಬ್ರೆಸಿಯಾ ಅವರ ತಂಡ ಕೈಯಲ್ಲಿ ಅಪಧಮನಿ ಮತ್ತು ಅಭಿಧಮನಿಗಳನ್ನು ಜೋಡಿಸುವ ಫಿಸ್ಟುಲಾವನ್ನು ಪ್ರಕಟಿಸಿತು. ಆಗ ಡಯಾಲಿಸಿಸ್ ಒಂದೆರಡು ಬಾರಿಯ ತುರ್ತು ಚಿಕಿತ್ಸೆಯಾಗಿ ಉಳಿಯದೆ ವಾರಕ್ಕೆ ಎರಡು ಮೂರು ಬಾರಿಯ ಬದುಕಿನ ಭಾಗವಾಯಿತು. ರೋಗಿಗಳು ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ರಕ್ತವನ್ನು ಹೊರಗೆ ಹರಿಸುತ್ತ ಕೂರುವಂತಾಯಿತು. ರಕ್ತದಿಂದ ಹರಡುವ ವೈರಸ್ಸುಗಳಿಗೆ ಅಲ್ಲೊಂದು ಹೊಸ ನೆಲೆ ಸಿಕ್ಕಿತು.

ಪೊರೆಯ ವಸ್ತುಗಳು

ಸೆಲ್ಯುಲೋಸ್ ಪೊರೆಗಳು: ಹತ್ತಿಯ ನಾರಿನ ಮೂಲವಸ್ತುವಿನಿಂದ ತಯಾರಾದ ಕ್ಯುಪ್ರೊಫಾನ್ ದಶಕಗಳ ಕಾಲ ಎಲ್ಲೆಡೆ ಬಳಕೆಯಲ್ಲಿತ್ತು. ಅಗ್ಗ, ಗಟ್ಟಿ, ಯೂರಿಯಾ ತೆಗೆಯುವುದರಲ್ಲಿ ಸಮರ್ಥ. ಆದರೆ ಅದರ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳನ್ನು ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆ ಹೊರಗಿನ ಶತ್ರುವೆಂದು ಭಾವಿಸಿ ಕೆರಳುತ್ತದೆ. ಚಿಕಿತ್ಸೆ ಶುರುವಾದ ಅರ್ಧ ಗಂಟೆಯೊಳಗೆ ಬಿಳಿ ರಕ್ತಕಣಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಬಿದ್ದು ರಕ್ತದಲ್ಲಿ ಅವುಗಳ ಎಣಿಕೆ ಕುಸಿಯುತ್ತದೆ. 1977ರ ಸುಮಾರಿಗೆ ಇದರ ಕಾರಣ ಸ್ಪಷ್ಟವಾದಾಗಿನಿಂದ, ರಕ್ತ ಪೊರೆಯನ್ನು ಎಷ್ಟು ಶಾಂತವಾಗಿ ಸಹಿಸಿಕೊಳ್ಳುತ್ತದೆ ಎಂಬುದೂ, ಅಂದರೆ ಜೈವಿಕ ಹೊಂದಾಣಿಕೆಯೂ, ಪೊರೆಯನ್ನು ಅಳೆಯುವ ಮಾನದಂಡವಾಯಿತು. ಹೈಡ್ರಾಕ್ಸಿಲ್ ಗುಂಪುಗಳನ್ನು ಮುಚ್ಚಿದ ಸೆಲ್ಯುಲೋಸ್ ಅಸಿಟೇಟ್ ಮತ್ತು ಟ್ರೈಅಸಿಟೇಟ್ ಪೊರೆಗಳು ಆಮೇಲೆ ಬಂದವು. ಟ್ರೈಅಸಿಟೇಟ್ ಈಗಲೂ ಉಪಯೋಗದಲ್ಲಿದೆ. ಪಾಲಿಸಲ್ಫೋನ್‌ನಂಥ ಪೊರೆಗಳು ಒಗ್ಗದವರಿಗೆ ಅದು ಒಳ್ಳೆಯ ಬದಲಿ.

ಸಂಶ್ಲೇಷಿತ ಪೊರೆಗಳು: ಇಂದು ಹೆಚ್ಚಿನ ಘಟಕಗಳಲ್ಲಿ ಕಾಣುವುದು ಪಾಲಿಸಲ್ಫೋನ್ ಮತ್ತು ಅದರ ಬಳಗದ ಪಾಲಿಈಥರ್‌ಸಲ್ಫೋನ್. ಕಾಂಪ್ಲಿಮೆಂಟ್ ಅನ್ನು ಇವು ಕಡಿಮೆ ಕೆರಳಿಸುತ್ತವೆ. ರಂಧ್ರದ ಅಳತೆಯನ್ನು ತಯಾರಕರು ಬೇಕಾದಂತೆ ಹೊಂದಿಸಬಹುದು. ಪಾಲಿಅಕ್ರಿಲೊನೈಟ್ರೈಲ್ ಬಳಗದ ಎಎನ್69 ಪೊರೆಯ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ರಕ್ತದೊತ್ತಡಕ್ಕಾಗಿ ಎಸಿಇ ಪ್ರತಿಬಂಧಕ ಮಾತ್ರೆ ಸೇವಿಸುವವರಲ್ಲಿ ಇದು ಬ್ರಾಡಿಕೈನಿನ್ ಎಂಬ ರಾಸಾಯನಿಕವನ್ನು ವಿಪರೀತ ಏರಿಸಿ ಉಸಿರುಗಟ್ಟುವಿಕೆ ಮತ್ತು ರಕ್ತದೊತ್ತಡ ಕುಸಿತವನ್ನು ತಂದ ಪ್ರಸಂಗಗಳು 1990ರ ಸುಮಾರಿಗೆ ವರದಿಯಾದವು. ಆ ಔಷಧ ಮತ್ತು ಆ ಪೊರೆ ಜೊತೆಗೂಡಬಾರದೆಂಬ ಎಚ್ಚರಿಕೆ ಅಂದಿನಿಂದ ಇದೆ. ಪಾಲಿಮೀಥೈಲ್‌ಮೆಥಕ್ರಿಲೇಟ್, ಅಂದರೆ ಪಿಎಂಎಂಎ, ಜಪಾನಿನಲ್ಲಿ ಬೆಳೆದ ಪೊರೆ. ಪ್ರೋಟೀನುಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುವುದು ಅದರ ವಿಶೇಷ. ವಿಟಮಿನ್ ಇ ಲೇಪಿಸಿದ ಪೊರೆಗಳೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆಸೆದ ಪೊರೆಗಳೂ ಇವೆ.

ರಂಧ್ರದ ಪ್ರಕಾರ ವರ್ಗಗಳು: ನೀರು ಮತ್ತು ದೊಡ್ಡ ಅಣುಗಳನ್ನು ಕಡಿಮೆ ಬಿಡುವವು ಲೋ ಫ್ಲಕ್ಸ್. ಬೀಟಾ-2 ಮೈಕ್ರೋಗ್ಲೋಬ್ಯುಲಿನ್‌ನಂಥವನ್ನೂ ತೆಗೆಯುವವು ಹೈ ಫ್ಲಕ್ಸ್. ಅದಕ್ಕೂ ತುಸು ದೊಡ್ಡ ರಂಧ್ರಗಳಿರುವವು ಮೀಡಿಯಂ ಕಟ್ಆಫ್. ಅತಿ ದೊಡ್ಡ ರಂಧ್ರದ ಹೈ ಕಟ್ಆಫ್ ಪೊರೆಗಳನ್ನು ವಿಶೇಷ ಸಂದರ್ಭಗಳಿಗೆ ಮೀಸಲಿಡುತ್ತಾರೆ, ಏಕೆಂದರೆ ಅವು ಆಲ್ಬುಮಿನ್ ಅನ್ನೂ ಸೋರಿಸುತ್ತವೆ.

ಹೈ ಫ್ಲಕ್ಸ್ ಎಲ್ಲರ ಆಯುಷ್ಯವನ್ನೂ ಹೆಚ್ಚಿಸುತ್ತದೆಯೆ? ಅಮೆರಿಕದಲ್ಲಿ 1,846 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಹೆಮೊ ಅಧ್ಯಯನದಲ್ಲಿ ಒಟ್ಟಾರೆ ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಯುರೋಪಿನಲ್ಲಿ ನಡೆದು 2009ರಲ್ಲಿ ಬಂದ ಎಂಪಿಒ ಅಧ್ಯಯನದಲ್ಲಿ ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಪ್ರಯೋಜನ ಕಂಡಿತು. 2023ರಲ್ಲಿ ಪ್ರಕಟವಾದ ಕನ್ವಿನ್ಸ್ ಅಧ್ಯಯನದಲ್ಲಿ 1,360 ರೋಗಿಗಳಿದ್ದರು. ಹೈ ಫ್ಲಕ್ಸ್ ಪೊರೆಯ ಮೂಲಕವೇ ಹೆಚ್ಚು ದ್ರವ ಹಾಯಿಸುವ ಹೀಮೊಡಯಾಫಿಲ್ಟ್ರೇಷನ್ ಪಡೆದವರಲ್ಲಿ ಶೇ. 17.3 ಮಂದಿಯೂ, ಸಾಮಾನ್ಯ ಹೈ ಫ್ಲಕ್ಸ್ ಡಯಾಲಿಸಿಸ್ ಪಡೆದವರಲ್ಲಿ ಶೇ. 21.9 ಮಂದಿಯೂ ಅಧ್ಯಯನದ ಅವಧಿಯಲ್ಲಿ ಮರಣ ಹೊಂದಿದರು.

ವೈರಸ್ಸಿನ ಗಾತ್ರ, ಜರಡಿಯ ಕಣ್ಣು

ಲೋ ಫ್ಲಕ್ಸ್ ಪೊರೆಯ ರಂಧ್ರದ ವ್ಯಾಸ ಸರಾಸರಿ ಮೂರು ನಾಲ್ಕು ನ್ಯಾನೊಮೀಟರ್. ಹೈ ಫ್ಲಕ್ಸ್‌ನದು ಏಳೆಂಟು, ಮೀಡಿಯಂ ಕಟ್ಆಫ್‌ನದು ಸುಮಾರು 10, ಹೈ ಕಟ್ಆಫ್‌ನದು ಸುಮಾರು 20. ಇನ್ನೊಂದು ಕಡೆ, ಹೆಪಟೈಟಿಸ್ ಬಿ ವೈರಸ್ಸಿನ ಪೂರ್ಣ ಕಣದ ವ್ಯಾಸ 42 ನ್ಯಾನೊಮೀಟರ್. ಹೆಪಟೈಟಿಸ್ ಸಿ ವೈರಸ್ಸಿನದು ಸುಮಾರು 50ರಿಂದ 60. ಎಚ್‌ಐವಿ ಮತ್ತು ಕೊರೊನಾ ವೈರಸ್ಸುಗಳದು ಸುಮಾರು 100. ಹೀಗಾಗಿ ನಿತ್ಯ ಬಳಕೆಯ ಜರಡಿಯ ಕಣ್ಣಿನಲ್ಲಿ ಅತಿ ಚಿಕ್ಕದಾದ ಹೆಪಟೈಟಿಸ್ ಬಿ ವೈರಸ್ ಕೂಡ ತೂರಲಾರದು. ಅದು ಮೀಡಿಯಂ ಕಟ್ಆಫ್ ಪೊರೆಯ ರಂಧ್ರಕ್ಕಿಂತಲೂ ನಾಲ್ಕು ಪಟ್ಟು ದೊಡ್ಡದು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಪೊರೆ ಹರಿಯದಿರುವವರೆಗೆ ರೋಗಿಯ ರಕ್ತದಲ್ಲಿರುವ ವೈರಸ್ ಡಯಾಲಿಸಿಸ್ ದ್ರವಕ್ಕೆ ಇಳಿದು ಯಂತ್ರದ ಒಳಕೊಳವೆಗಳನ್ನು ಸೇರುವ ಸಂಭವ ಬಹಳ ಕಡಿಮೆ. ಎರಡನೆಯದು, ಅದೇ ಕಾರಣಕ್ಕೆ ಡಯಾಲಿಸಿಸ್ ರಕ್ತದಿಂದ ವೈರಸ್ಸನ್ನು ಹೊರಹಾಕುವುದಿಲ್ಲ. ದೊಡ್ಡ ರಂಧ್ರದ ದುಬಾರಿ ಪೊರೆ ಹಾಕಿಸಿದರೆ ಜಾಂಡೀಸಿನ ವೈರಸ್ ತೊಳೆದುಹೋಗುತ್ತದೆ ಎಂದು ನಂಬಿ ಸಾಲ ಮಾಡುವ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ.

ಆದರೂ ಒಂದು ಎಚ್ಚರಿಕೆ ಬೇಕು. ಮೇಲೆ ಹೇಳಿದವು ಸರಾಸರಿ ಅಳತೆಗಳು, ಒಂದೇ ಪೊರೆಯಲ್ಲಿ ರಂಧ್ರಗಳು ಹೆಚ್ಚುಕಡಿಮೆ ಇರುತ್ತವೆ. ಎಳೆ ಹರಿದರೆ ರಕ್ತವೇ ದ್ರವಕ್ಕೆ ಸೇರುತ್ತದೆ. ಅದನ್ನು ಕಂಡುಹಿಡಿಯಲು ಯಂತ್ರದಲ್ಲಿ ರಕ್ತಸೋರಿಕೆಯ ಸಂವೇದಕ ಇರುತ್ತದೆ. ಹೊರಬಂದ ದ್ರವದಲ್ಲಿ ಹೆಪಟೈಟಿಸ್ ಸಿ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತೆಂದು ಕೆಲವು ಪ್ರಯೋಗಾಲಯಗಳು ಹೇಳಿವೆ, ಸಿಗಲಿಲ್ಲವೆಂದು ಬೇರೆ ಕೆಲವು ಹೇಳಿವೆ. ಆರ್‌ಎನ್‌ಎಯ ತುಣುಕು ಸಿಕ್ಕಿತೆಂದರೆ ಸೋಂಕು ಹತ್ತಿಸಬಲ್ಲ ಇಡೀ ವೈರಸ್ ಹಾದುಬಂದಿತೆಂದು ಅರ್ಥವಲ್ಲ. ಹಾಗಿದ್ದರೂ ಬಳಸಿದ ದ್ರವವನ್ನು ಸೋಂಕಿನ ದ್ರವವೆಂದೇ ಭಾವಿಸಿ ನಿಭಾಯಿಸುವುದು ಸರಿಯಾದ ಪದ್ಧತಿ.

ಸೋಂಕು ನಿಜವಾಗಿ ಹರಡುವ ದಾರಿ

ಎಡಿನ್‌ಬರೋದ ಡಯಾಲಿಸಿಸ್ ಮತ್ತು ಕಸಿ ಘಟಕದಲ್ಲಿ 1969–70ರಲ್ಲಿ ಹೆಪಟೈಟಿಸ್ ಹರಡಿ 11 ಮಂದಿ ತೀರಿಕೊಂಡರು. ಅವರಲ್ಲಿ ನಾಲ್ವರು ಸಿಬ್ಬಂದಿ. ಈ ದುರಂತದಂಥ ಘಟನೆಗಳ ಬಳಿಕ ಬ್ರಿಟನ್ನಿನಲ್ಲಿ ರೋಸೆನ್‌ಹೈಮ್ ಸಮಿತಿ 1972ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಸೂಚಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1977ರಲ್ಲಿ ತನ್ನ ಶಿಫಾರಸುಗಳನ್ನು ಹೊರಡಿಸಿತು. ಅಲ್ಲಿನ ಡಯಾಲಿಸಿಸ್ ರೋಗಿಗಳಲ್ಲಿ ಹೊಸದಾಗಿ ಹೆಪಟೈಟಿಸ್ ಬಿ ತಗಲುವ ಪ್ರಮಾಣ 1974ರಲ್ಲಿ ಶೇ. 6.2 ಇದ್ದದ್ದು 1980ರ ಹೊತ್ತಿಗೆ ಶೇ. 1ಕ್ಕೆ ಇಳಿಯಿತು. ಹೆಪಟೈಟಿಸ್ ಬಿ ಲಸಿಕೆ ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಇಳಿಕೆಯನ್ನು ತಂದದ್ದು ರಕ್ತಪರೀಕ್ಷೆ, ಬೇರೆ ಕೋಣೆ, ಬೇರೆ ಯಂತ್ರ ಮತ್ತು ಕೈಗಳ ಶುಚಿ.

ಘಟಕದಲ್ಲಿ ವೈರಸ್ ಹೆಚ್ಚಾಗಿ ಸಾಗುವುದು ಮನುಷ್ಯರ ಕೈಗಳ ಮೂಲಕ. ಒಬ್ಬರ ಸೂಜಿ ತೆಗೆದ ಕೈಗವಸಿನಲ್ಲೇ ಪಕ್ಕದವರ ಯಂತ್ರದ ಗುಂಡಿ ಒತ್ತುವುದು, ಹಲವರಿಗೆ ಒಂದೇ ಹೆಪಾರಿನ್ ಶೀಷೆಯಿಂದ ಔಷಧ ಎಳೆಯುವುದು, ಔಷಧದ ತಟ್ಟೆಯನ್ನು ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋಗುವುದು, ಕುರ್ಚಿಯ ಕೈಗೆ ಸಿಡಿದ ರಕ್ತವನ್ನು ಒರೆಸದೆ ಬಿಡುವುದು, ಒತ್ತಡ ಅಳೆಯುವ ಕೊಳವೆಯ ತುದಿಯ ಸೋಸುಕಕ್ಕೆ ರಕ್ತ ತಾಗಿದರೂ ಅದನ್ನು ಬದಲಾಯಿಸದಿರುವುದು ಇವೇ ಮುಖ್ಯ ಕಾರಣಗಳು. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲ್ಮೈಯ ಮೇಲೂ ಕನಿಷ್ಠ ಏಳು ದಿನ ಸೋಂಕು ಹತ್ತಿಸುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಅದು ಇರಬಲ್ಲದು. ಎಷ್ಟು ಒಳ್ಳೆಯ ಪೊರೆ ಹಾಕಿದರೂ ಈ ದಾರಿಗಳು ಮುಚ್ಚುವುದಿಲ್ಲ.

ಹೆಪಟೈಟಿಸ್ ಬಿ

ರಕ್ತದಲ್ಲಿ ಈ ವೈರಸ್ಸಿನ ಸಾಂದ್ರತೆ ಅತಿ ಹೆಚ್ಚು, ಹೊರಗಿನ ಬಾಳಿಕೆಯೂ ಹೆಚ್ಚು. ಆದ್ದರಿಂದ ಈ ಸೋಂಕಿನ ಗುರುತಾದ ಎಚ್‌ಬಿಎಸ್ ಆಂಟಿಜನ್ ಇರುವ ರೋಗಿಗೆ ಬೇರೆ ಕೋಣೆ, ಬೇರೆ ಯಂತ್ರ, ಬೇರೆ ಉಪಕರಣ ಬೇಕು. ಆ ಸರದಿಯಲ್ಲಿ ಅವರನ್ನು ನೋಡಿಕೊಳ್ಳುವ ಸಿಬ್ಬಂದಿ ಸೋಂಕಿಗೆ ಒಳಗಾಗಬಲ್ಲ ಇತರ ರೋಗಿಗಳನ್ನು ಮುಟ್ಟಬಾರದು. ಸೋಂಕಿತರ ಡಯಲೈಸರನ್ನು ಮರುಬಳಕೆ ಮಾಡಬಾರದು. ಒಂದು ಸರದಿಗೆ ಒಂದು ಡಯಲೈಸರ್ ಎಂಬುದು ಇಲ್ಲಿ ಕಡ್ಡಾಯ ನಿಯಮ.

ಪೊರೆಯ ವಸ್ತುವಿನ ಬಗ್ಗೆ ಇಂಥ ನಿಯಮವಿಲ್ಲ. ಸಂಶ್ಲೇಷಿತ ಪೊರೆ, ಲೋ ಫ್ಲಕ್ಸ್ ಅಥವಾ ಹೈ ಫ್ಲಕ್ಸ್, ಯಾವುದಾದರೂ ಆಗಬಹುದು. ನೆನಪಿಡಬೇಕಾದದ್ದು ಔಷಧದ ಲೆಕ್ಕ. ಟೆನೊಫೊವಿರ್‌ನಂಥ ಔಷಧದ ಸಾಕಷ್ಟು ಭಾಗ ಪೊರೆಯ ಮೂಲಕ ಹೊರಹೋಗುತ್ತದೆ. ಹಾಗಾಗಿ ಎಂಟೆಕಾವಿರ್, ಟೆನೊಫೊವಿರ್ ಮಾತ್ರೆಗಳನ್ನು ಡಯಾಲಿಸಿಸ್ ರೋಗಿಗಳಿಗೆ ಪ್ರಮಾಣ ಬದಲಿಸಿ, ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತಾರೆ.

ಲಸಿಕೆಯ ವಿಷಯದಲ್ಲಿ ಪೊರೆಯ ಪಾತ್ರ ಕುತೂಹಲ ಹುಟ್ಟಿಸುತ್ತದೆ. ಮೂತ್ರಪಿಂಡ ಸೋತವರ ರೋಗನಿರೋಧಕ ಶಕ್ತಿ ಮಂಕಾಗಿರುವುದರಿಂದ ಅವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ, ಪ್ರತಿ ಬಾರಿ 40 ಮೈಕ್ರೋಗ್ರಾಂನಂತೆ ಕೊಡಬೇಕಾಗುತ್ತದೆ. ಆದರೂ ಹಲವರಲ್ಲಿ ಪ್ರತಿಕಾಯ ಮಿಲಿಲೀಟರಿಗೆ 10 ಅಂತರರಾಷ್ಟ್ರೀಯ ಮಿಲಿಮಾನದ ರಕ್ಷಣಾ ಮಟ್ಟವನ್ನು ಮುಟ್ಟುವುದಿಲ್ಲ. ರಕ್ತದಲ್ಲಿ ಸೇರಿಕೊಂಡ ಕರಗುವ ಸಿಡಿ40 ಎಂಬ ಪ್ರೋಟೀನು ಪ್ರತಿಕಾಯ ತಯಾರಿಕೆಗೆ ಅಡ್ಡಬರುತ್ತದೆ. ಪಿಎಂಎಂಎ ಪೊರೆಯ ಒಂದು ಬಗೆ ಅದನ್ನು ಅಂಟಿಸಿಕೊಂಡು ತೆಗೆಯುತ್ತದೆ. ಆ ಪೊರೆ ಬಳಸಿದಾಗ ಮೊದಲು ಲಸಿಕೆಗೆ ಸ್ಪಂದಿಸದಿದ್ದ ಕೆಲವರು ಸ್ಪಂದಿಸಿದರೆಂದು ಸಣ್ಣ ಅಧ್ಯಯನಗಳು ಹೇಳಿವೆ. ಇದು ಭರವಸೆಯ ಎಳೆ, ಸಾರ್ವತ್ರಿಕ ಶಿಫಾರಸು ಅಲ್ಲ. ಮೂತ್ರಪಿಂಡ ಸೋಲುತ್ತಿದೆ ಎಂದು ಗೊತ್ತಾದಾಗಲೇ, ಡಯಾಲಿಸಿಸ್ ಶುರುವಾಗುವ ಮುನ್ನವೇ ಲಸಿಕೆ ಹಾಕಿಸುವುದು ಅದಕ್ಕಿಂತ ಸುಲಭವಾದ, ಹೆಚ್ಚು ಫಲ ಕೊಡುವ ದಾರಿ.

ಹೆಪಟೈಟಿಸ್ ಸಿ

1989ರಲ್ಲಿ ಗುರುತಿಸಲಾದ ಈ ವೈರಸ್ ಜಗತ್ತಿನ ಡಯಾಲಿಸಿಸ್ ಘಟಕಗಳನ್ನು ಬಹುಕಾಲ ಕಾಡಿದೆ. ಹಲವು ದೇಶಗಳ ಘಟಕಗಳನ್ನು ಒಳಗೊಂಡ ಡಾಪ್ಸ್ ಅಧ್ಯಯನದ 2012–15ರ ಹಂತದಲ್ಲಿ ಸುಮಾರು ಶೇ. 10 ರೋಗಿಗಳಲ್ಲಿ ಈ ಸೋಂಕು ಕಂಡಿತು. ಇದಕ್ಕೆ ಲಸಿಕೆ ಇಲ್ಲ.

ಪೊರೆ ಮತ್ತು ವೈರಸ್ಸಿನ ಸಂಬಂಧದ ಬಗ್ಗೆ ಅತಿ ಹೆಚ್ಚು ಸಂಶೋಧನೆ ನಡೆದಿರುವುದು ಇಲ್ಲಿಯೇ. ಡಯಾಲಿಸಿಸ್‌ನ ಒಂದು ಸರದಿ ಮುಗಿದಾಗ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ಸಿನ ಪ್ರಮಾಣ ಇಳಿದಿರುತ್ತದೆ, ಮುಂದಿನ ಸರದಿಯ ಹೊತ್ತಿಗೆ ಮತ್ತೆ ಏರಿರುತ್ತದೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ರಂಧ್ರದಲ್ಲಿ ಹಾಯಲಾರದ ವೈರಸ್ ಎಲ್ಲಿ ಹೋಗುತ್ತದೆ? ಒಂದಷ್ಟು ಪೊರೆಯ ಒಳಮೈಗೆ ಅಂಟಿಕೊಳ್ಳಬಹುದು. ರಕ್ತ ಪೊರೆಯನ್ನು ಮುಟ್ಟಿದಾಗ ಬಿಳಿಕಣಗಳು ಕೆರಳಿ ಇಂಟರ್‌ಫೆರಾನ್ ಆಲ್ಫಾ ಬಿಡುಗಡೆಯಾಗುತ್ತದೆ, ಅದು ವೈರಸ್ಸನ್ನು ತಾತ್ಕಾಲಿಕವಾಗಿ ಹತ್ತಿಕ್ಕುತ್ತದೆ ಎಂಬುದು ಇನ್ನೊಂದು ವಿವರಣೆ. ಡಯಾಲಿಸಿಸ್ ಸಮಯದಲ್ಲಿ ಯಕೃತ್ತಿನ ಜೀವಕೋಶಗಳನ್ನು ಬೆಳೆಸುವ ಒಂದು ಅಂಶವೂ ಏರುತ್ತದೆ. ಆದರೆ ಒಂದೆರಡು ದಿನದ ಈ ಇಳಿತ ಚಿಕಿತ್ಸೆಯಲ್ಲ. ಕೆರಳಿಸುವ ಪೊರೆಯಿಂದ ಇಂಟರ್‌ಫೆರಾನ್ ಏರುತ್ತದೆಂದು ಹಳೆಯ ಸೆಲ್ಯುಲೋಸ್ ಪೊರೆಗೆ ಮರಳುವುದೂ ಸಲ್ಲದು.

ನಿಜವಾದ ಚಿಕಿತ್ಸೆ ಈಗ ಕೈಗೆ ಸಿಕ್ಕಿದೆ. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು, ರೈಬಾವಿರಿನ್ ಮಾತ್ರೆಗಳು ಮೂತ್ರಪಿಂಡ ರೋಗಿಗಳನ್ನು ರಕ್ತಹೀನತೆಯಿಂದ ಬಳಲಿಸುತ್ತಿದ್ದವು. ವೈರಸ್ಸಿನ ಮೇಲೆ ನೇರವಾಗಿ ಎರಗುವ ಹೊಸ ಮಾತ್ರೆಗಳು ಆ ಕಷ್ಟವನ್ನು ನೀಗಿವೆ. ತೀವ್ರ ಮೂತ್ರಪಿಂಡ ಕಾಯಿಲೆಯ 104 ಮಂದಿಗೆ ಗ್ಲೆಕಾಪ್ರೆವಿರ್ ಮತ್ತು ಪೈಬ್ರೆಂಟಾಸ್ವಿರ್ ಕೊಟ್ಟ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 98 ಮಂದಿ ವೈರಸ್‌ಮುಕ್ತರಾದರು. ಅವರಲ್ಲಿ ಹೆಚ್ಚಿನವರು ಡಯಾಲಿಸಿಸ್‌ನಲ್ಲಿದ್ದವರು. ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಜೋಡಿಯೂ ಡಯಾಲಿಸಿಸ್‌ನಲ್ಲಿರುವವರಿಗೆ ಒಗ್ಗುತ್ತದೆಂದು ಸ್ಥಿರಪಟ್ಟಿದೆ. ಭಾರತದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಸಿ ಔಷಧ ಉಚಿತವಾಗಿ ಸಿಗುತ್ತದೆ. ಪೊರೆ ಬದಲಿಸಲು ಹಣ ಹೊಂದಿಸುವ ಮೊದಲು ಈ ಮಾತ್ರೆಗಳನ್ನು ಪಡೆಯಬೇಕು. ಮೂತ್ರಪಿಂಡ ಕಸಿಯ ಯೋಚನೆ ಇದ್ದವರು ಚಿಕಿತ್ಸೆಯನ್ನು ಕಸಿಗೆ ಮುನ್ನ ಪಡೆಯಬೇಕೆ, ಆಮೇಲೆಯೆ ಎಂಬುದನ್ನು ವೈದ್ಯರೊಡನೆ ನಿರ್ಧರಿಸಬೇಕು.

ಅಂತರರಾಷ್ಟ್ರೀಯ ಮೂತ್ರಪಿಂಡ ಮಾರ್ಗಸೂಚಿ ಸಂಸ್ಥೆ ಕೆಡಿಗೊ ಹೆಪಟೈಟಿಸ್ ಸಿ ರೋಗಿಗಳಿಗೆ ಬೇರೆ ಯಂತ್ರ ಅಥವಾ ಬೇರೆ ಕೋಣೆ ಬೇಕೆಂದು ಹೇಳುವುದಿಲ್ಲ. ಎಲ್ಲ ರೋಗಿಗಳಿಗೂ ಸಮನಾದ, ಕಟ್ಟುನಿಟ್ಟಾದ ಶುಚಿತ್ವ ಬೇಕೆನ್ನುತ್ತದೆ. ಭಾರತದ ಹಲವು ಘಟಕಗಳು ಮಾತ್ರ ಇಂಥವರಿಗಾಗಿ ಪ್ರತ್ಯೇಕ ಯಂತ್ರವನ್ನು ಇಟ್ಟುಕೊಂಡಿವೆ. ರೋಗಿಗಳು ಹೆಚ್ಚು, ಕೈಗಳು ಕಡಿಮೆ ಇರುವಲ್ಲಿ ಇದು ಒಂದು ಹೆಚ್ಚುವರಿ ರಕ್ಷೆಯಾಗಬಹುದು. ಆದರೆ ಯಂತ್ರ ಬೇರೆ ಇದೆಯೆಂದು ಕೈಗವಸು ಬದಲಿಸುವುದನ್ನು ಮರೆತರೆ ರಕ್ಷಣೆಯೇ ಇಲ್ಲದಂತಾಗುತ್ತದೆ.

ಎಚ್‌ಐವಿ

ಈ ವೈರಸ್ ದೊಡ್ಡದು, ಹೊರಗಿನ ಪರಿಸರದಲ್ಲಿ ದುರ್ಬಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2001ರ ಶಿಫಾರಸಿನಂತೆ ಎಚ್‌ಐವಿ ರೋಗಿಗಳಿಗೆ ಪ್ರತ್ಯೇಕ ಕೋಣೆ ಬೇಕಿಲ್ಲ. ಇಂತಹದೇ ಪೊರೆ ಆಗಬೇಕೆಂಬ ನಿಯಮವೂ ಇಲ್ಲ. ಜೈವಿಕ ಹೊಂದಾಣಿಕೆಯ ಸಂಶ್ಲೇಷಿತ ಪೊರೆ ಯಾರಿಗೂ ಒಳ್ಳೆಯದೆಂಬ ಸಾಮಾನ್ಯ ತತ್ವ ಇಲ್ಲಿಗೂ ಅನ್ವಯ.

ಔಷಧಗಳ ವಿಚಾರಕ್ಕೆ ಮಾತ್ರ ಹೆಚ್ಚಿನ ಗಮನ ಬೇಕು. ಡೊಲುಟೆಗ್ರಾವಿರ್ ರಕ್ತದ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಪೊರೆಯಲ್ಲಿ ಹಾಯುವುದು ತೀರ ಕಡಿಮೆ. ಪ್ರೋಟೀನಿಗೆ ಅಂಟದ ಟೆನೊಫೊವಿರ್ ಸುಲಭವಾಗಿ ಹಾಯುತ್ತದೆ. ಲೋ ಫ್ಲಕ್ಸ್‌ನಿಂದ ಹೈ ಫ್ಲಕ್ಸ್‌ಗೆ ಬದಲಾಯಿಸಿದಾಗ ಔಷಧದ ಪ್ರಮಾಣ ಮತ್ತು ಸಮಯವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಸೊರಗಿ ಆಲ್ಬುಮಿನ್ ಇಳಿದಿರುವ ರೋಗಿಗೆ ಆಲ್ಬುಮಿನ್ ಸೋರಿಸುವ ದೊಡ್ಡ ರಂಧ್ರದ ಪೊರೆ ಒಳ್ಳೆಯದಲ್ಲ.

ಡೆಂಗಿ, ಕೋವಿಡ್ ಮತ್ತು ಹಠಾತ್ ಸೋಂಕುಗಳು

ಕೆಲವು ವೈರಸ್ ಜ್ವರಗಳು ಆರೋಗ್ಯವಂತರ ಮೂತ್ರಪಿಂಡವನ್ನೂ ದಿಢೀರನೆ ನಿಲ್ಲಿಸಬಲ್ಲವು. ಮಳೆಗಾಲದಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಕಾಣುವ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿದಿರುತ್ತದೆ, ರಕ್ತಸ್ರಾವದ ಭಯವಿರುತ್ತದೆ. ಅಂಥವರಿಗೆ ಡಯಾಲಿಸಿಸ್ ಬೇಕಾದಾಗ ಹೆಪಾರಿನ್ ಕೊಡದೆ, ಆಗಾಗ ಸಲೈನ್ ಹಾಯಿಸಿ, ಅಥವಾ ಸಿಟ್ರೇಟ್ ಬಳಸಿ ಎಳೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಾರೆ. ಹೆಪಾರಿನ್ ಬೆಸೆದ ಪೊರೆ ಇದ್ದಲ್ಲಿ ಅದೂ ನೆರವಿಗೆ ಬರುತ್ತದೆ. ಹೆಪಟೈಟಿಸ್‌ನಿಂದ ಯಕೃತ್ತು ಗಂಟುಗಟ್ಟಿ ಪ್ಲೇಟ್‌ಲೆಟ್ ಇಳಿದವರಿಗೂ ಇದೇ ಎಚ್ಚರಿಕೆ ಬೇಕು.

ಕೋವಿಡ್ ಕಾಲದಲ್ಲಿ ವೈರಸ್ಸಿಗಿಂತ ಹೆಚ್ಚಾಗಿ ದೇಹದ ಉರಿಯೂತದ ಪ್ರವಾಹವೇ ಕೊಲ್ಲುತ್ತಿದೆ ಎಂಬ ಯೋಚನೆಯಿಂದ ಉರಿಯೂತದ ಸಂದೇಶವಾಹಕಗಳಾದ ಸೈಟೊಕೈನುಗಳನ್ನು ಹೀರುವ ಸಾಧನಗಳಿಗೆ ಅಮೆರಿಕದಲ್ಲಿ 2020ರಲ್ಲಿ ತುರ್ತು ಅನುಮತಿ ದೊರೆಯಿತು. ಎಎನ್69 ಪೊರೆಯನ್ನು ಮಾರ್ಪಡಿಸಿದ ಆಕ್ಸಿರಿಸ್, ಸೈಟೊಸಾರ್ಬ್ ಎಂಬ ಹೀರುಕಣಗಳ ಡಬ್ಬಿ ಅವುಗಳಲ್ಲಿ ಸೇರಿದ್ದವು. ಆದರೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕೃತಕ ಶ್ವಾಸಕೋಶದ ನೆರವಿನಲ್ಲಿದ್ದ 34 ಕೋವಿಡ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಟೊಕೈನ್ ಹೀರಿಸಿದ 17 ಮಂದಿಯಲ್ಲಿ 30 ದಿನ ದಾಟಿದವರು ಮೂವರು, ಹೀರಿಸದ 17 ಮಂದಿಯಲ್ಲಿ 13. ಚಿಕ್ಕ ಅಧ್ಯಯನವಾದರೂ ಅದು ಕೊಟ್ಟ ಪಾಠ ದೊಡ್ಡದು: ರಕ್ತದಿಂದ ಏನನ್ನೋ ತೆಗೆಯಬಲ್ಲೆವು ಎಂಬುದು ತೆಗೆಯಬೇಕು ಎಂಬುದಕ್ಕೆ ಆಧಾರವಾಗದು.

ವೈರಸ್ಸನ್ನೇ ಹಿಡಿಯುವ ಸೋಸುಕಗಳು

ವೈರಸ್ ತೆಗೆಯುವ ಉದ್ದೇಶದಿಂದಲೇ ರೂಪಿಸಿದ ವಿಧಾನಗಳೂ ಇವೆ. ಇವು ಡಯಾಲಿಸಿಸ್ ಪೊರೆಗಳಿಗಿಂತ ಬೇರೆ. ಜಪಾನಿನಲ್ಲಿ ಎರಡು ಹಂತದ ಪ್ಲಾಸ್ಮಾ ಸೋಸುವಿಕೆಗೆ 2008ರಲ್ಲಿ ವಿಮೆಯ ಮನ್ನಣೆ ಸಿಕ್ಕಿತು. ಮೊದಲ ಸೋಸುಕ ರಕ್ತಕಣಗಳಿಂದ ಪ್ಲಾಸ್ಮಾವನ್ನು ಬೇರ್ಪಡಿಸುತ್ತದೆ. ಸುಮಾರು 30 ನ್ಯಾನೊಮೀಟರ್ ರಂಧ್ರದ ಎರಡನೆಯದು ಹೆಪಟೈಟಿಸ್ ಸಿ ವೈರಸ್ಸನ್ನು ತಡೆದು ಉಳಿದ ಪ್ಲಾಸ್ಮಾವನ್ನು ಮರಳಿ ಬಿಡುತ್ತದೆ. ಇಲ್ಲಿ ಜರಡಿಯ ಕೆಲಸ ತಿರುವುಮುರುವಾಗಿದೆ: ಬೇಕಾದದ್ದು ಹಾದುಹೋಗುತ್ತದೆ, ಬೇಡದ್ದು ಹಿಂದುಳಿಯುತ್ತದೆ. ಇಂಟರ್‌ಫೆರಾನ್ ಜೊತೆ ಬಳಸುತ್ತಿದ್ದ ಈ ಕ್ರಮ ಹೊಸ ಮಾತ್ರೆಗಳು ಬಂದ ಮೇಲೆ ಹಿಂದೆ ಸರಿಯಿತು. ಹಿಮಹೂವಿನ ಗಿಡದ ಲೆಕ್ಟಿನ್ ಎಂಬ ಪ್ರೋಟೀನಿನಿಂದ ವೈರಸ್ಸಿನ ಸಕ್ಕರೆ ಹೊದಿಕೆಯನ್ನು ಹಿಡಿಯುವ ಹೀಮೊಪ್ಯೂರಿಫೈಯರ್ ಸಾಧನವನ್ನು 2014ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎಬೋಲಾ ರೋಗಿಯೊಬ್ಬರಿಗೆ ಬಳಸಲಾಯಿತು. ರೋಗಿ ಬದುಕಿಕೊಂಡರು. ಅವರಿಗೆ ಇತರ ಚಿಕಿತ್ಸೆಗಳೂ ನಡೆದಿದ್ದರಿಂದ ಗುಣವಾದದ್ದು ಇದರಿಂದಲೇ ಎನ್ನಲಾಗದು.

ವೈರಸ್ ಜೀವಕೋಶದೊಳಗೆ ಕುಳಿತು ಹೆಚ್ಚುತ್ತಲೇ ಇರುವುದು ಇಂಥ ಎಲ್ಲ ಸಾಧನಗಳಿಗಿರುವ ಮೂಲ ತೊಡಕು. ರಕ್ತವನ್ನು ಎಷ್ಟು ಸೋಸಿದರೂ ಯಕೃತ್ತು ಅಥವಾ ದುಗ್ಧಗ್ರಂಥಿಗಳಿಂದ ಹೊಸದು ಸುರಿಯುತ್ತಿರುತ್ತದೆ. ಒರತೆಯನ್ನು ಮುಚ್ಚದೆ ಬಾವಿಯ ನೀರು ಎತ್ತಿದಂತೆ.

ಡಯಲೈಸರ್ ಮರುಬಳಕೆ

ಒಂದೇ ರೋಗಿಯ ಡಯಲೈಸರನ್ನು ತೊಳೆದು, ಪೆರ್‌ಅಸಿಟಿಕ್ ಆಮ್ಲ ಅಥವಾ ಫಾರ್ಮಾಲಿನ್ ತುಂಬಿಟ್ಟು, ಅದೇ ರೋಗಿಗೆ ಮತ್ತೆ ಬಳಸುವುದು ಭಾರತದಲ್ಲಿ ಬಹುಕಾಲದಿಂದ ಇರುವ ರೂಢಿ. ಕಾರಣ ಖರ್ಚು. ಎಳೆಗಳ ಒಳಗಿನ ಒಟ್ಟು ಗಾತ್ರ ಮೊದಲಿನ ಶೇ. 80ಕ್ಕಿಂತ ಇಳಿದರೆ, ಅಥವಾ ಒತ್ತಡ ಪರೀಕ್ಷೆಯಲ್ಲಿ ಸೋರಿಕೆ ಕಂಡರೆ, ಅದನ್ನು ಎಸೆಯಬೇಕು. ಜಪಾನ್, ಫ್ರಾನ್ಸ್‌ಗಳಲ್ಲಿ ಮರುಬಳಕೆಗೆ ಅವಕಾಶವಿಲ್ಲ.

ಸೋಂಕಿತರ ವಿಷಯದಲ್ಲಿ ಅಪಾಯ ತೊಳೆಯುವ ಕೋಣೆಯಲ್ಲಿದೆ. ಹೆಸರಿನ ಚೀಟಿ ಅದಲುಬದಲಾದರೆ ಒಬ್ಬರ ಡಯಲೈಸರ್ ಇನ್ನೊಬ್ಬರಿಗೆ ಹೋಗಬಹುದು. ತೊಳೆಯುವ ತಂತ್ರಜ್ಞರ ಮುಖಕ್ಕೆ ರಕ್ತ ಸಿಡಿಯಬಹುದು. ಹೆಪಟೈಟಿಸ್ ಬಿ ಇದ್ದವರಿಗೆ ಮರುಬಳಕೆ ಸರ್ವಥಾ ಕೂಡದು. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಇದ್ದವರಲ್ಲಿ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವುದಾದರೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಮರುಬಳಕೆಯನ್ನು ನಿಷೇಧಿಸುವುದಿಲ್ಲ. ಆದರೆ ನಿಯಮ ಪಾಲನೆಯೇ ಅನುಮಾನವಿರುವಲ್ಲಿ ಒಂದು ಬಾರಿಯ ಬಳಕೆಯೇ ಸುರಕ್ಷಿತ. ಸೋಂಕಿತರಿಗೆ ಹೊಸ ಹೈ ಫ್ಲಕ್ಸ್ ಡಯಲೈಸರ್ ಕೊಳ್ಳಲು ಹಣವಿಲ್ಲದಿದ್ದರೆ, ಮರುಬಳಸಿದ ಹೈ ಫ್ಲಕ್ಸ್‌ಗಿಂತ ಪ್ರತಿ ಸಲ ಹೊಸದಾದ ಲೋ ಫ್ಲಕ್ಸ್ ಮೇಲು.

ಹೊಟ್ಟೆಯ ಒಳಪೊರೆ

ಹೊಟ್ಟೆಯ ಒಳಗೋಡೆಯ ಪೆರಿಟೋನಿಯಂ ಕೂಡ ಒಂದು ಡಯಾಲಿಸಿಸ್ ಪೊರೆ. ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನಿಂದ ರೋಗಿ ಘಟಕದ ಸೋಂಕುಗಳಿಂದ ದೂರ ಉಳಿಯುತ್ತಾರೆ, ಅವರಿಂದ ಇತರರಿಗೆ ಹರಡುವ ಭಯವೂ ಕಡಿಮೆ. ಆದರೆ ಈ ಸಹಜ ಪೊರೆಯಲ್ಲಿ ಕೆಲವು ರಂಧ್ರಗಳು ಬಹಳ ದೊಡ್ಡವು. ಹೊರಬಂದ ದ್ರವದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಅಂಶಗಳೂ, ಎಚ್‌ಐವಿಯೂ ಕಂಡುಬಂದಿವೆ. ಕೋಣೆಯ ಉಷ್ಣತೆಯಲ್ಲಿ ಆ ದ್ರವದೊಳಗೆ ಎಚ್‌ಐವಿ ಏಳು ದಿನದವರೆಗೆ ಉಳಿಯಬಲ್ಲದೆಂದು ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಚೀಲದ ದ್ರವಕ್ಕೆ ಬ್ಲೀಚ್ ಬೆರೆಸಿ ಶೌಚಕ್ಕೆ ಸುರಿಯುವುದು, ಕೈಗವಸು ಧರಿಸುವುದು ಮನೆಯವರು ಕಲಿಯಬೇಕಾದ ಅಭ್ಯಾಸ.

ಆಯ್ಕೆಯ ಕ್ರಮ

ವೈರಸ್ ಸೋಂಕಿರುವ ರೋಗಿಗೆ ಪೊರೆ ಆರಿಸುವಾಗ ಈ ಕ್ರಮ ಉಪಯುಕ್ತ. ಮೊದಲು ಸಂಶ್ಲೇಷಿತ ಅಥವಾ ಮಾರ್ಪಡಿಸಿದ ಸೆಲ್ಯುಲೋಸ್ ಪೊರೆಯನ್ನು ತೆಗೆದುಕೊಳ್ಳಬೇಕು. ಹಳೆಯ ಕ್ಯುಪ್ರೊಫಾನ್‌ಗೆ ಇಂದು ಸ್ಥಾನವಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್ ಬೇಕಾದವರಿಗೆ, ಘಟಕದ ನೀರು ಅತಿ ಶುದ್ಧವಾಗಿದ್ದರೆ, ಹೈ ಫ್ಲಕ್ಸ್ ಸೂಕ್ತ. ನೀರಿನ ಗುಣಮಟ್ಟ ಸರಿಯಿಲ್ಲದಿದ್ದರೆ ಹೈ ಫ್ಲಕ್ಸ್ ಪೊರೆಯ ಮೂಲಕ ದ್ರವದ ಕಡೆಯಿಂದ ಬ್ಯಾಕ್ಟೀರಿಯಾದ ವಿಷದ ತುಣುಕುಗಳು ರಕ್ತಕ್ಕೆ ಹಿಮ್ಮುಖವಾಗಿ ಬರಬಹುದು. ಆಲ್ಬುಮಿನ್ ಕಡಿಮೆ ಇದ್ದರೆ ಅದನ್ನು ಸೋರಿಸುವ ಪೊರೆ ಬೇಡ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಹೆಪಾರಿನ್ ಇಲ್ಲದೆ ನಡೆಸುವ ಏರ್ಪಾಡು ಬೇಕು. ಎಸಿಇ ಪ್ರತಿಬಂಧಕ ಸೇವಿಸುವವರಿಗೆ ಎಎನ್69 ಬೇಡ. ಪೊರೆಯ ಬಗೆ ಬದಲಾದಾಗಲೆಲ್ಲ ವೈರಸ್ ವಿರೋಧಿ ಔಷಧದ ಪ್ರಮಾಣವನ್ನು ಮತ್ತೆ ನೋಡಬೇಕು. ಹೆಪಟೈಟಿಸ್ ಬಿ ಇದ್ದರೆ ಒಂದು ಸರದಿಗೆ ಒಂದೇ ಡಯಲೈಸರ್.

ಘಟಕಕ್ಕೆ ಸೇರುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಬೇಕು. ಸೋಂಕಿಲ್ಲದವರಿಗೆ ಹೆಪಟೈಟಿಸ್ ಸಿ ಪರೀಕ್ಷೆ ಆರು ತಿಂಗಳಿಗೊಮ್ಮೆ ಮರುಕಳಿಸಬೇಕು. ಹೆಪಟೈಟಿಸ್ ಬಿ ಪ್ರತಿಕಾಯದ ಮಟ್ಟವನ್ನು ವರ್ಷಕ್ಕೊಮ್ಮೆ ಅಳೆದು, ಇಳಿದಿದ್ದರೆ ಮತ್ತೊಂದು ಡೋಸ್ ಲಸಿಕೆ ಹಾಕಬೇಕು.

2016ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಬಳಿಕ ಜಿಲ್ಲೆಯ ಮಟ್ಟದಲ್ಲಿ ಬಡವರಿಗೂ ಡಯಾಲಿಸಿಸ್ ಎಟುಕತೊಡಗಿದೆ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕಗಳಿವೆ. ವಾರಕ್ಕೆ ಎರಡು ಮೂರು ಬಾರಿ ಬಸ್ಸು ಹತ್ತಿ ಬರುವ ರೋಗಿಗೆ ‘ಪಾಸಿಟಿವ್’ ಎಂಬ ಚೀಟಿ ಅಂಟಿದ ದಿನ ಸರದಿ ಸಿಗದೆ ಹೋಗಬಾರದು, ಕೊನೆಯ ಪಾಳಿಗೆ ತಳ್ಳಿಸಿಕೊಳ್ಳಬಾರದು. ಪೊರೆಯ ವಿಜ್ಞಾನ ಅವರ ಪರವಾಗಿದೆ. ಅವರ ವೈರಸ್ ಎಳೆಯ ಒಳಗೇ ಉಳಿಯುತ್ತದೆ. ಹೊರಗಿನ ದಾರಿಗಳನ್ನು ಮುಚ್ಚುವುದು ಘಟಕದ ಹೊಣೆ. ಒಳ್ಳೆಯ ಪೊರೆ, ಸರಿಯಾದ ಔಷಧ, ತೊಳೆದ ಕೈ ಈ ಮೂರೂ ಪ್ರತಿ ರೋಗಿಗೆ ಸಮನಾಗಿ ಸಲ್ಲಬೇಕು.